ಪ್ರೌಢಶಾಲೆಯ ಇಂಗ್ಲಿಷ್ ತರಗತಿಗೆ ನಿಯಮಪತ್ರ ಬರೆಯುವುದು ಹೇಗೆ: ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

ಪಾಠ ಮಾಡಲು ಸೇರಿದ ಮೊದಲ ವರ್ಷ ನಾನು ಇಂಗ್ಲಿಷ್ ತರಗತಿಗೆಂದು ಬರೆದ ನಿಯಮಗಳಲ್ಲಿ ಒಂದು ಹೀಗಿತ್ತು: ‘ಪ್ರತಿ ಸ್ಪೆಲಿಂಗ್ ತಪ್ಪಿಗೆ ಅರ್ಧ ಅಂಕ ಕಡಿತ.’ ಎರಡು ತಿಂಗಳಲ್ಲಿ ತಪ್ಪುಗಳು ನಿಜಕ್ಕೂ ಕಡಿಮೆಯಾದವು. ಪ್ರಬಂಧಗಳೂ ಕುಗ್ಗಿದವು. ಒಬ್ಬ ವಿದ್ಯಾರ್ಥಿನಿಯ ಕರಡಿನಲ್ಲಿ ‘ಎನಾರ್ಮಸ್’ ಎಂಬ ಪದಕ್ಕೆ ಗೀಟು ಹಾಕಿ, ಅದರ ಮೇಲೆ ‘ಬಿಗ್’ ಎಂದು ಬರೆದಿದ್ದನ್ನು ಕಂಡೆ. ಯಾಕೆ ಬದಲಾಯಿಸಿದೆ ಎಂದು ಕೇಳಿದರೆ, ‘ಅದರ ಸ್ಪೆಲಿಂಗ್ ಖಚಿತವಿರಲಿಲ್ಲ ಮೇಡಂ’ ಎಂದಳು. ಅವಳಿಗೆ ಬೇಕಾಗಿದ್ದದ್ದು ಆ ದೊಡ್ಡ ಪದವೇ. ಅದನ್ನು ಅವಳ ಕೈಯಿಂದ ಕಿತ್ತುಕೊಂಡದ್ದು ನನ್ನ ನಿಯಮ.

ಇಂಗ್ಲಿಷ್ ತರಗತಿ ಮಿಕ್ಕ ತರಗತಿಗಳಂತಲ್ಲ. ಇಲ್ಲಿ ಮಕ್ಕಳು ಎಲ್ಲರ ಎದುರಿಗೆ ತಪ್ಪು ಮಾಡುತ್ತಲೇ ಕಲಿಯಬೇಕು. ಹದಿಮೂರರಿಂದ ಹದಿನೇಳರ ವಯಸ್ಸಿನಲ್ಲಿ ಎಲ್ಲರ ಎದುರಿಗೆ ತಪ್ಪು ಮಾಡುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಆದ್ದರಿಂದ ನಿಯಮಪತ್ರದ ಪ್ರತಿ ಸಾಲಿಗೂ ಒಂದೇ ಪರೀಕ್ಷೆ ಒಡ್ಡಿ: ಈ ನಿಯಮದಿಂದ ಮಕ್ಕಳು ಹೆಚ್ಚು ಓದಿ, ಬರೆದು, ಮಾತನಾಡುತ್ತಾರೋ, ಇಲ್ಲವೇ ಹೆಚ್ಚು ಅಡಗಿಸಿಕೊಳ್ಳುತ್ತಾರೋ? ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಆ ಒಂದು ಪ್ರಶ್ನೆಯ ಸುತ್ತ ಇವೆ.

ಮೊದಲ ಹಂತ: ನಿಯಮ ಬೇಡ, ಸಂದರ್ಭಗಳ ಪಟ್ಟಿ ಮಾಡಿ

ಕಾಗದ ತೆಗೆದುಕೊಂಡ ಕೂಡಲೇ ‘ಮಾಡಬಾರದು’ ಎಂದು ಶುರು ಮಾಡಬೇಡಿ. ಕಳೆದ ವರ್ಷ ನಿಮ್ಮ ತರಗತಿಯಲ್ಲಿ ಗೊಂದಲ ಹುಟ್ಟಿದ ಸಂದರ್ಭಗಳನ್ನು ನೆನಪಿಸಿಕೊಂಡು ಬರೆಯಿರಿ. ಪ್ರಬಂಧ ಕೊಡುವ ದಿನ ಗೈರುಹಾಜರಾದ ವಿದ್ಯಾರ್ಥಿ. ಗುಂಪು ಚಟುವಟಿಕೆಯಲ್ಲಿ ಒಬ್ಬಳೇ ಎಲ್ಲ ಕೆಲಸ ಮಾಡಿದ್ದು. ಕಾದಂಬರಿ ಓದದೆ ಅದರ ಸಾರಾಂಶ ಓದಿಕೊಂಡು ಬಂದದ್ದು. ಉಚ್ಚಾರಣೆ ಕೇಳಿ ಹಿಂದಿನ ಬೆಂಚು ನಕ್ಕಿದ್ದು. ಕೊಟ್ಟ ಅಂಕ ಸರಿಯಿಲ್ಲವೆಂದು ಪೋಷಕರು ಬಂದದ್ದು. ಹೊಸಬರಾಗಿದ್ದರೆ ಅದೇ ಶಾಲೆಯ ಹಿರಿಯ ಶಿಕ್ಷಕರೊಬ್ಬರನ್ನು ಕೇಳಿ, ಅರ್ಧ ಗಂಟೆಯಲ್ಲಿ ಪಟ್ಟಿ ತುಂಬುತ್ತದೆ.

ಪಟ್ಟಿಯ ಪ್ರತಿ ಸಂದರ್ಭದ ಎದುರಿಗೆ ಎರಡು ವಿಷಯ ಬರೆಯಿರಿ. ಆಗ ವಿದ್ಯಾರ್ಥಿ ಏನು ಮಾಡಬೇಕು? ಆಗ ನಾನು ಏನು ಮಾಡುತ್ತೇನೆ? ಎರಡನೆಯದಕ್ಕೆ ಉತ್ತರವಿಲ್ಲದ ನಿಯಮವನ್ನು ಬರೆಯಲೇಬೇಡಿ. ‘ತರಗತಿಯಲ್ಲಿ ಗೌರವದಿಂದ ವರ್ತಿಸಬೇಕು’ ಎಂಬ ಸಾಲು ನೋಡಲು ಚೆನ್ನಾಗಿರುತ್ತದೆ, ಆದರೆ ಅದನ್ನು ಓದಿದ ವಿದ್ಯಾರ್ಥಿಗೆ ನಾಳೆ ಬೆಳಿಗ್ಗೆ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ‘ಒಬ್ಬರು ಮಾತನಾಡುವಾಗ ಉಳಿದವರು ಅವರತ್ತ ತಿರುಗಿ ಕೇಳುತ್ತಾರೆ, ಉಚ್ಚಾರಣೆಗೆ ಯಾರೂ ನಗುವುದಿಲ್ಲ’ ಎಂದರೆ ತಿಳಿಯುತ್ತದೆ.

ಇದೇ ಹೊತ್ತಿಗೆ ಶಾಲೆಯ ನಿಯಮಾವಳಿಯನ್ನೂ ಒಮ್ಮೆ ಓದಿಕೊಳ್ಳಿ. ಹಾಜರಿ, ಪರೀಕ್ಷೆಯಲ್ಲಿ ನಕಲು, ಮೊಬೈಲ್, ಮರುಮೌಲ್ಯಮಾಪನ, ಇವುಗಳ ಬಗ್ಗೆ ಶಾಲೆ ಈಗಾಗಲೇ ನಿರ್ಧರಿಸಿದ್ದರೆ ನಿಮ್ಮ ಪತ್ರ ಅದಕ್ಕೆ ವಿರುದ್ಧವಾಗಿರಬಾರದು. ಇಬ್ಬರು ದೊಡ್ಡವರು ಎರಡು ಮಾತು ಹೇಳಿದರೆ ನಡುವೆ ಸಿಕ್ಕಿಕೊಳ್ಳುವುದು ಮಗು.

ಎರಡನೆಯ ಹಂತ: ವರ್ಷದ ಕೊನೆಗೆ ಏನು ಬರಬೇಕೆಂದು ನಾಲ್ಕೈದು ಸಾಲಿನಲ್ಲಿ ಹೇಳಿ

ನಿಯಮಗಳಿಗಿಂತ ಮೊದಲು ನಿರೀಕ್ಷೆಗಳು ಬರಬೇಕು. ಪಠ್ಯಕ್ರಮದ ದಾಖಲೆಯಿಂದ ಭಾರವಾದ ವಾಕ್ಯಗಳನ್ನು ಎತ್ತಿ ಇಡಬೇಡಿ. ವಿದ್ಯಾರ್ಥಿ ಓದಿ ‘ಓ, ಇದನ್ನು ನಾನು ಮಾಡಬಲ್ಲವನಾಗುತ್ತೇನೆ’ ಎಂದುಕೊಳ್ಳುವಂತೆ ಬರೆಯಿರಿ. ಉದಾಹರಣೆಗೆ:

‘ವರ್ಷದ ಕೊನೆಗೆ ನೀವು ಹಿಂದೆಂದೂ ನೋಡಿರದ ಒಂದು ಕಥೆಯನ್ನೋ ಲೇಖನವನ್ನೋ ಓದಿ ಅದರ ಮುಖ್ಯ ವಿಚಾರವನ್ನು ನಿಮ್ಮ ಮಾತಿನಲ್ಲಿ ಹೇಳಬಲ್ಲಿರಿ. ನಿಮ್ಮ ಅಭಿಪ್ರಾಯಕ್ಕೆ ಪಠ್ಯದಿಂದಲೇ ಆಧಾರ ಕೊಟ್ಟು ಪ್ರಬಂಧ ಬರೆಯಬಲ್ಲಿರಿ. ಮೂರು ನಿಮಿಷ ನಿಂತು ಇಂಗ್ಲಿಷಿನಲ್ಲಿ ಮಾತನಾಡಬಲ್ಲಿರಿ. ನೀವು ಬರೆದದ್ದನ್ನು ನೀವೇ ಓದಿ ತಿದ್ದಬಲ್ಲಿರಿ.’

ಕೊನೆಯ ಸಾಲು ನನಗೆ ಎಲ್ಲಕ್ಕಿಂತ ಮುಖ್ಯ. ತನ್ನ ಬರಹವನ್ನು ತಾನೇ ತಿದ್ದಲು ಕಲಿತ ವಿದ್ಯಾರ್ಥಿಗೆ ಮುಂದೆ ಶಿಕ್ಷಕರ ಆಸರೆ ಬೇಕಾಗುವುದಿಲ್ಲ.

ಮೂರನೆಯ ಹಂತ: ಮಾತಿನ ನಿಯಮಗಳು

ಇಲ್ಲಿ ಸ್ವಲ್ಪ ನಿಧಾನಿಸಿ. ಇಂಗ್ಲಿಷ್ ತರಗತಿಯಲ್ಲಿ ಮೌನವಾಗಿರುವ ಮಕ್ಕಳಲ್ಲಿ ಅನೇಕರು ಉತ್ತರ ತಿಳಿಯದೆ ಮೌನವಾಗಿರುವುದಿಲ್ಲ. ಉತ್ತರವನ್ನು ಮನಸ್ಸಿನಲ್ಲಿ ಮನೆಮಾತಿನಿಂದ ಇಂಗ್ಲಿಷಿಗೆ ಜೋಡಿಸಿಕೊಳ್ಳುತ್ತಿರುತ್ತಾರೆ. ಆ ಜೋಡಣೆ ಮುಗಿಯುವ ಮೊದಲೇ ನಾವು ಇನ್ನೊಬ್ಬರತ್ತ ತಿರುಗಿರುತ್ತೇವೆ.

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ಪಾಠಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡ್ ಮಾತ್ರ. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುವವರ ಸಂಖ್ಯೆ ಇಳಿಯಿತು. ಒಂದೇ ಭಾಷೆಯಲ್ಲಿ ನಡೆಯುವ ಪಾಠದಲ್ಲೇ ಹೀಗಾದರೆ, ಎರಡನೆಯ ಭಾಷೆಯಲ್ಲಿ ಯೋಚಿಸುವವರಿಗೆ ಇನ್ನೂ ಹೆಚ್ಚು ಸಮಯ ಬೇಕೆಂದು ನನಗೆ ಅನುಭವದಿಂದ ಗೊತ್ತಾಗಿದೆ. ಹಾಗಾಗಿ ಇದನ್ನು ನಿಯಮವಾಗಿಯೇ ಬರೆಯಿರಿ, ಮತ್ತು ಅದು ನಿಮಗೂ ಅನ್ವಯಿಸಲಿ: ‘ಪ್ರಶ್ನೆ ಕೇಳಿದ ಮೇಲೆ ಎಲ್ಲರೂ ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತೇವೆ. ಅಲ್ಲಿಯವರೆಗೆ ಯಾರೂ ಕೈ ಎತ್ತುವುದಿಲ್ಲ, ಶಿಕ್ಷಕರೂ ಯಾರ ಹೆಸರನ್ನೂ ಕರೆಯುವುದಿಲ್ಲ.’

ಎರಡನೆಯದು, ‘ಈಗ ಬೇಡ’ ಎನ್ನುವ ಹಕ್ಕು. ಉತ್ತರ ಸಿದ್ಧವಿಲ್ಲದ ವಿದ್ಯಾರ್ಥಿ ಹಾಗೆಂದು ಹೇಳಬಹುದು. ಆದರೆ ಅದೇ ಅವಧಿ ಮುಗಿಯುವುದರೊಳಗೆ ಶಿಕ್ಷಕರು ಮತ್ತೆ ಅವರ ಬಳಿಗೆ ಬರುತ್ತಾರೆ. ಈ ಎರಡನೆಯ ಭಾಗವಿಲ್ಲದಿದ್ದರೆ ನಿಯಮವೇ ಅಡಗಿಕೊಳ್ಳುವ ಮೂಲೆಯಾಗುತ್ತದೆ.

ಮೂರನೆಯದು, ಗಟ್ಟಿಯಾಗಿ ಓದಿಸುವುದು. ಮುನ್ಸೂಚನೆ ಇಲ್ಲದೆ ಯಾರನ್ನೂ ಎಬ್ಬಿಸಿ ಓದಿಸಬೇಡಿ. ಹಿಂದಿನ ದಿನವೇ ಪ್ಯಾರಾ ಹಂಚಿಕೊಡಿ, ಮನೆಯಲ್ಲಿ ಎರಡು ಸಲ ಓದಿಕೊಂಡು ಬರಲಿ. ಓದುವಿಕೆಯ ತೊಂದರೆ ಇರುವ ಮಕ್ಕಳಿಗೆ ಈ ಒಂದು ಬದಲಾವಣೆ ಎಷ್ಟು ದೊಡ್ಡದೆಂಬುದನ್ನು ಅವರ ಮುಖದಲ್ಲೇ ನೋಡಬಹುದು.

ಇನ್ನು ಮನೆಮಾತಿನ ಪ್ರಶ್ನೆ. ‘ತರಗತಿಯಲ್ಲಿ ಇಂಗ್ಲಿಷ್ ಮಾತ್ರ’ ಎಂಬ ಫಲಕ ಅನೇಕ ಕಡೆ ಕಾಣುತ್ತದೆ. ಆ ನಿಯಮವನ್ನು ನಾನು ಒಪ್ಪುವುದಿಲ್ಲ. ಅದರಿಂದ ಮಕ್ಕಳು ಇಂಗ್ಲಿಷಿನಲ್ಲಿ ಮಾತನಾಡತೊಡಗುವ ಬದಲು ಮಾತನ್ನೇ ನಿಲ್ಲಿಸುತ್ತಾರೆ. ಯಾವ ಕೆಲಸಕ್ಕೆ ಯಾವ ಭಾಷೆ ಎಂದು ಹಂಚಿಕೊಡುವುದು ಲೇಸು: ಚರ್ಚೆಗೆ ಸಿದ್ಧವಾಗುವಾಗ, ಪದದ ಅರ್ಥ ಕೇಳುವಾಗ, ಪ್ರಬಂಧದ ಯೋಜನೆ ಹಾಕುವಾಗ ಮನೆಮಾತು ಬಳಸಬಹುದು, ಇಡೀ ತರಗತಿಯ ಮುಂದೆ ಮಾತನಾಡುವಾಗ ಮತ್ತು ಕೊನೆಯ ಬರಹದಲ್ಲಿ ಇಂಗ್ಲಿಷ್. ಮೊದಲ ತಿಂಗಳು ಮಧ್ಯೆ ಒಂದು ಪದ ಸಿಗದಿದ್ದರೆ ಮನೆಮಾತಿನ ಪದ ಹಾಕಿ ಮುಂದುವರಿಯಲಿ. ನಿಂತುಹೋದ ಮಾತಿಗಿಂತ ಕುಂಟುತ್ತ ಸಾಗಿದ ಮಾತು ಮೇಲು.

ನಾಲ್ಕನೆಯ ಹಂತ: ಓದಿನ ನಿಯಮಗಳು

ಇವು ಚಿಕ್ಕವಾಗಿರಲಿ. ಆ ದಿನದ ಪಠ್ಯವನ್ನು ತರಬೇಕು, ತರಲು ಆಗದಿದ್ದರೆ ಅವಧಿಗೆ ಮೊದಲೇ ಹೇಳಿ ತರಗತಿಯ ಪ್ರತಿ ಪಡೆಯಬೇಕು. ಮನೆಯಲ್ಲಿ ಎಷ್ಟು ಓದಬೇಕೆಂಬುದನ್ನು ಪುಟಗಳ ಬದಲು ನಿಮಿಷಗಳಲ್ಲಿ ಹೇಳಿ. ವೇಗವಾಗಿ ಓದುವವರು ಹತ್ತು ಪುಟ ಮುಗಿಸುವ ಹೊತ್ತಿಗೆ ಇನ್ನೊಬ್ಬರು ನಾಲ್ಕು ಪುಟ ಮುಗಿಸಿರಬಹುದು. ಇಬ್ಬರೂ 25 ನಿಮಿಷ ಓದಿದ್ದಾರೆ.

ಓದಿದ್ದಾರೋ ಇಲ್ಲವೋ ಎಂದು ಹಿಡಿಯಲು ಇಡುವ ‘ನಾಯಕನ ಅಂಗಿಯ ಬಣ್ಣ ಯಾವುದು’ ಬಗೆಯ ಕಿರುಪರೀಕ್ಷೆಗಳನ್ನು ಬಿಟ್ಟುಬಿಡಿ. ಬದಲಿಗೆ ಓದಿದ ಭಾಗದಿಂದ ಒಂದು ವಾಕ್ಯ ಆರಿಸಿ, ಅದನ್ನು ಯಾಕೆ ಆರಿಸಿದೆನೆಂದು ಮೂರು ಸಾಲು ಬರೆಯಲು ಹೇಳಿ. ಓದದವರಿಗೆ ಇದು ಕಷ್ಟ. ಓದಿ ಅರ್ಧ ಅರ್ಥಮಾಡಿಕೊಂಡವರಿಗೆ ಸಾಧ್ಯ. ನಮಗೆ ಬೇಕಾದ ವ್ಯತ್ಯಾಸ ಅದೇ.

ಪಠ್ಯದಲ್ಲಿ ಸಾವು, ಹಿಂಸೆ, ತಾರತಮ್ಯದಂತಹ ವಿಷಯಗಳು ಬರುತ್ತವೆ. ವರ್ಷದ ಪಠ್ಯಪಟ್ಟಿಯನ್ನು ಮೊದಲೇ ಮನೆಗೆ ಕಳುಹಿಸಿ. ಒಂದು ಪಠ್ಯ ತಮ್ಮ ಮಗುವಿಗೆ ನೋವು ತರುತ್ತದೆಂದು ಪೋಷಕರು ತಿಳಿಸಿದರೆ ಅದಕ್ಕೆ ಸಮನಾದ ಬೇರೊಂದನ್ನು ಕೊಡುತ್ತೀರಿ ಎಂಬ ಒಂದು ಸಾಲು ಇರಲಿ. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡ ಮಗುವಿಗೆ ಸಾವಿನ ಕಥೆಯ ಮೇಲೆ ಪ್ರಬಂಧ ಬರೆಸುವ ಮೊದಲು ನಾವು ಕೇಳಲೇಬೇಕು.

ಐದನೆಯ ಹಂತ: ಬರಹ, ಕರಡು, ತಿದ್ದುವಿಕೆ

‘ಈ ತರಗತಿಯಲ್ಲಿ ಯಾವ ಪ್ರಬಂಧವೂ ಒಂದೇ ಸಲಕ್ಕೆ ಮುಗಿಯುವುದಿಲ್ಲ.’ ಬರಹದ ಭಾಗವನ್ನು ಈ ವಾಕ್ಯದಿಂದ ಶುರು ಮಾಡಿ. ದೊಡ್ಡ ಪ್ರಬಂಧಕ್ಕೆ ಮೂರು ಹೆಜ್ಜೆ ಇಡಿ: ಯೋಜನೆ, ಕರಡು, ಅಂತಿಮ ಪ್ರತಿ. ಮೂರಕ್ಕೂ ಬೇರೆ ಬೇರೆ ದಿನಾಂಕ ಇರಲಿ. ಕರಡಿನಲ್ಲಿ ಸ್ಪೆಲಿಂಗ್, ವ್ಯಾಕರಣದ ತಪ್ಪಿಗೆ ಅಂಕ ಕಡಿಯುವುದಿಲ್ಲವೆಂದು ಸ್ಪಷ್ಟವಾಗಿ ಬರೆಯಿರಿ. ಅಂತಿಮ ಪ್ರತಿಯಲ್ಲೂ ಭಾಷಾ ಶುದ್ಧಿಗೆ ಒಟ್ಟು ಅಂಕದ ಒಂದು ಚಿಕ್ಕ ಪಾಲು ಮಾತ್ರ ಇಡಿ, ಮತ್ತು ಆ ತಿಂಗಳು ಕಲಿಸಿದ ಅಂಶಗಳನ್ನಷ್ಟೇ ಅಲ್ಲಿ ಅಳೆಯಿರಿ. ಕಲಿಸದೇ ಇದ್ದುದಕ್ಕೆ ಅಂಕ ಕಡಿಯುವುದು ನ್ಯಾಯವಲ್ಲ.

ನೀವು ಹೇಗೆ ತಿದ್ದುತ್ತೀರಿ ಎಂಬುದೂ ಪತ್ರದಲ್ಲಿರಬೇಕು. ಪುಟದ ತುಂಬ ಕೆಂಪು ಗುರುತು ಹಾಕಿದರೆ ವಿದ್ಯಾರ್ಥಿ ಯಾವುದನ್ನೂ ನೋಡುವುದಿಲ್ಲ, ಪುಟ ಮಡಚಿ ಚೀಲಕ್ಕೆ ಹಾಕುತ್ತಾನೆ. ನಾನು ಪಾಲಿಸುವ ಕ್ರಮ ಇದು: ಒಂದು ಬರಹದಲ್ಲಿ ಎರಡೇ ಬಗೆಯ ತಪ್ಪುಗಳನ್ನು ಗುರುತಿಸುತ್ತೇನೆ, ಉದಾಹರಣೆಗೆ ಈ ಸಲ ಕ್ರಿಯಾಪದದ ಕಾಲ ಮತ್ತು ಪ್ಯಾರಾ ವಿಂಗಡಣೆ. ತಪ್ಪಿರುವ ಸಾಲಿನ ಅಂಚಿನಲ್ಲಿ ಚುಕ್ಕೆ ಇಡುತ್ತೇನೆ, ತಿದ್ದುವುದು ಅವರ ಕೆಲಸ. ಕೊನೆಯಲ್ಲಿ ಮೂರು ಸಾಲು: ಚೆನ್ನಾಗಿ ಬಂದದ್ದು ಒಂದು, ಮುಂದಿನ ಸಲ ಮಾಡಬೇಕಾದದ್ದು ಒಂದು, ನನಗೆ ಓದುವಾಗ ಹುಟ್ಟಿದ ಪ್ರಶ್ನೆ ಒಂದು. ಈ ಕ್ರಮವನ್ನು ಪೋಷಕರಿಗೂ ತಿಳಿಸಬೇಕು. ಇಲ್ಲದಿದ್ದರೆ ‘ಇಷ್ಟೊಂದು ತಪ್ಪಿದ್ದರೂ ಟೀಚರ್ ತಿದ್ದಿಲ್ಲ’ ಎಂಬ ದೂರು ಬರುತ್ತದೆ, ಮತ್ತು ವಿವರಣೆ ಇಲ್ಲದಿದ್ದರೆ ಆ ದೂರು ಸಹಜವೇ.

ಅಂಕ ಮತ್ತು ಟಿಪ್ಪಣಿಯನ್ನು ಒಟ್ಟಿಗೆ ಕೊಡಬೇಡಿ. ಶಿಕ್ಷಣ ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಕೆಲವರಿಗೆ ಎರಡೂ ಕೊಡಲಾಯಿತು. ಟಿಪ್ಪಣಿ ಮಾತ್ರ ಪಡೆದವರ ಕೆಲಸವೂ ಆಸಕ್ತಿಯೂ ಮುಂದೆ ಹೆಚ್ಚಿತು. ಎರಡನ್ನೂ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಅಂಕ ಕಂಡ ಕಣ್ಣು ಟಿಪ್ಪಣಿಯವರೆಗೆ ಹೋಗುವುದಿಲ್ಲ ಎಂದು ಉತ್ತರಪತ್ರಿಕೆ ಹಂಚಿದ ಪ್ರತಿಯೊಬ್ಬ ಶಿಕ್ಷಕರೂ ಬಲ್ಲರು. ಆದ್ದರಿಂದ ಪತ್ರದಲ್ಲಿ ಹೀಗೆ ಬರೆಯಿರಿ: ‘ಮೊದಲು ಟಿಪ್ಪಣಿ ಸಿಗುತ್ತದೆ. ಅದನ್ನು ಓದಿ ಒಂದು ಪ್ಯಾರಾವನ್ನಾದರೂ ತಿದ್ದಿ ಬರೆದು ತಂದ ಮೇಲೆ ಅಂಕ ತಿಳಿಸಲಾಗುತ್ತದೆ.’

ನೀವು ಎಷ್ಟು ದಿನದಲ್ಲಿ ಹಿಂತಿರುಗಿಸುತ್ತೀರಿ ಎಂಬುದನ್ನೂ ಹೇಳಿ. ಕರಡಿಗೆ ಐದು ಶಾಲಾ ದಿನ, ಅಂತಿಮ ಪ್ರತಿಗೆ ಹತ್ತು ಎಂದು ನಾನು ಬರೆಯುತ್ತೇನೆ. ಅವರ ಗಡುವಿಗೆ ಬೆಲೆ ಬರಬೇಕಾದರೆ ನಮ್ಮ ಗಡುವೂ ಕಾಗದದ ಮೇಲಿರಬೇಕು.

ಆರನೆಯ ಹಂತ: ತಡವಾದ ಕೆಲಸ

ಇಡೀ ಪತ್ರದಲ್ಲಿ ಅತಿ ಹೆಚ್ಚು ಜಗಳ ತರುವ ಭಾಗ ಇದು. ಅದಕ್ಕೇ ಬರೆಯುವ ಮೊದಲು ಒಂದು ಲೆಕ್ಕ ಮಾಡಿ ನೋಡಿ. ಒಬ್ಬ ವಿದ್ಯಾರ್ಥಿ ಐದು ಪ್ರಬಂಧಗಳಲ್ಲಿ ನಾಲ್ಕಕ್ಕೆ ತಲಾ 80 ಪಡೆದಿದ್ದಾನೆ. ಐದನೆಯದನ್ನು ತಡವಾಗಿ ತಂದ ಕಾರಣಕ್ಕೆ ಸೊನ್ನೆ. ಸರಾಸರಿ 80ರಿಂದ 64ಕ್ಕೆ ಬೀಳುತ್ತದೆ. ಈ 64 ಅವನ ಇಂಗ್ಲಿಷಿನ ಬಗ್ಗೆ ಏನು ಹೇಳುತ್ತದೆ? ಏನೂ ಇಲ್ಲ. ಅವನಿಗೆ ಬರುವುದು 80ರ ಮಟ್ಟದ ಇಂಗ್ಲಿಷ್, ಬಾರದೆ ಇರುವುದು ಸಮಯಪಾಲನೆ. ಎರಡನ್ನೂ ಒಂದೇ ಅಂಕಿಯಲ್ಲಿ ಕಲಸಿದರೆ ಎರಡರ ಬಗ್ಗೆಯೂ ನಿಜ ತಿಳಿಯುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಸೊನ್ನೆ ಬಂದ ಮೇಲೆ ಆ ಪ್ರಬಂಧವನ್ನು ಅವನು ಎಂದೂ ಬರೆಯುವುದಿಲ್ಲ. ಸೊನ್ನೆ ಅವನನ್ನು ಕೆಲಸದಿಂದ ಬಿಡುಗಡೆ ಮಾಡಿರುತ್ತದೆ.

ಹಾಗೆಂದು ಗಡುವೇ ಬೇಡವೆಂದರೆ ಅದೂ ಕರುಣೆಯಲ್ಲ. ಗಡುವಿಲ್ಲದ ಕೆಲಸ ವರ್ಷದ ಕೊನೆಯ ವಾರಕ್ಕೆ ಬೆಟ್ಟವಾಗಿ ಬೆಳೆಯುತ್ತದೆ, ಅದರ ಕೆಳಗೆ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಮನೆಯಲ್ಲಿ ನೆರವಿಲ್ಲದ ಮಕ್ಕಳೇ. ನಾನು ಹಲವು ವರ್ಷ ತಿದ್ದಿ ತಿದ್ದಿ ಉಳಿಸಿಕೊಂಡ ಕ್ರಮ ಇಲ್ಲಿದೆ:

ಪ್ರತಿ ಟರ್ಮಿನಲ್ಲಿ ಪ್ರತಿ ವಿದ್ಯಾರ್ಥಿಗೆ ಎರಡು ಮುಂದೂಡಿಕೆ ಚೀಟಿಗಳು. ಒಂದು ಚೀಟಿ ಕೊಟ್ಟರೆ 48 ಗಂಟೆ ಹೆಚ್ಚು ಸಮಯ. ಕಾರಣ ಹೇಳಬೇಕಾಗಿಲ್ಲ, ಆದರೆ ಚೀಟಿಯನ್ನು ಗಡುವಿಗೆ ಮೊದಲೇ ಕೊಡಬೇಕು.

ಚೀಟಿ ಇಲ್ಲದೆ ಗಡುವು ದಾಟಿದರೆ ಅಂಕಪಟ್ಟಿಯಲ್ಲಿ ಸೊನ್ನೆಯ ಬದಲು ‘ಅಪೂರ್ಣ’ ಎಂದು ದಾಖಲಾಗುತ್ತದೆ. ಆ ವಾರವೇ ನಿಗದಿಯಾದ ಬಿಡುವಿನಲ್ಲಿ ನನ್ನ ಮುಂದೆ ಕುಳಿತು ಬರೆಯಬೇಕು. ಕಡಿತ ಎಷ್ಟೇ ತಡವಾದರೂ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲ.

ಆ ಘಟಕದ ಕೊನೆಯ ದಿನ ಬಾಗಿಲು ಮುಚ್ಚುತ್ತದೆ. ಅನಾರೋಗ್ಯ, ಮನೆಯ ತೊಂದರೆಗಳಿಗೆ ಪ್ರತ್ಯೇಕ ವ್ಯವಸ್ಥೆ, ಅದನ್ನು ಗುಟ್ಟಾಗಿ ಮಾತನಾಡಿಕೊಳ್ಳಬಹುದು.

‘ಕಾರಣ ಹೇಳಬೇಕಾಗಿಲ್ಲ’ ಎಂಬುದನ್ನು ಕೆಲವು ಸಹೋದ್ಯೋಗಿಗಳು ವಿರೋಧಿಸಿದ್ದಾರೆ. ನನ್ನ ಉತ್ತರ ಸರಳ. ಕಾರಣ ಕೇಳಿದರೆ ಮಾತು ಬಲ್ಲ ಮಕ್ಕಳು ಚೆಂದದ ಕಾರಣ ಕಟ್ಟುತ್ತಾರೆ. ನಿಜವಾದ ಕಷ್ಟದಲ್ಲಿರುವ ಮಗು, ಅಪ್ಪ ಕುಡಿದು ಬಂದ ರಾತ್ರಿಯ ಬಗ್ಗೆ ಟೀಚರ್ ಎದುರು ಹೇಳಲಾಗದ ಮಗು, ಬಾಯಿ ಬಿಡುವುದೇ ಇಲ್ಲ. ಚೀಟಿ ಆ ಮಗುವಿನ ಮಾನ ಕಾಯುತ್ತದೆ.

ಏಳನೆಯ ಹಂತ: ಅಂಕಗಳ ಹಂಚಿಕೆ

ನೂರು ಅಂಕಗಳು ಎಲ್ಲಿಂದ ಬರುತ್ತವೆ ಎಂಬುದನ್ನು ಒಂದೇ ಸಾಲಿನಲ್ಲಿ ಹೇಳಲು ಸಾಧ್ಯವಾಗಬೇಕು. ಒಂದು ಮಾದರಿ: ಬರಹಕ್ಕೆ 40, ಓದಿನ ಗ್ರಹಿಕೆಗೆ 25, ಮಾತು ಮತ್ತು ಆಲಿಸುವಿಕೆಗೆ 15, ವ್ಯಾಕರಣ ಮತ್ತು ಪದಸಂಪತ್ತಿಗೆ 10, ಕರಡು ಹಾಗೂ ಓದಿನ ದಿನಚರಿಗೆ 10. ಶಾಲೆಯೇ ಹಂಚಿಕೆ ನಿಗದಿ ಮಾಡಿದ್ದರೆ ಅದನ್ನು ಮಕ್ಕಳ ಭಾಷೆಯಲ್ಲಿ ಬಿಡಿಸಿ ಬರೆಯಿರಿ, ಸಾಕು.

ನಡತೆಗೆ, ಅಂದವಾದ ಅಕ್ಷರಕ್ಕೆ, ಬಣ್ಣದ ಹೊದಿಕೆಗೆ ಅಂಕ ಇಡಬೇಡಿ. ಮರುಬರಹಕ್ಕೆ ಅವಕಾಶ ಇಡಿ: ಟರ್ಮಿಗೆ ಒಂದು ಪ್ರಬಂಧವನ್ನು ಪೂರ್ತಿಯಾಗಿ ಮತ್ತೆ ಬರೆಯಬಹುದು, ಹೊಸ ಅಂಕ ಹಳೆಯದರ ಜಾಗ ತೆಗೆದುಕೊಳ್ಳುತ್ತದೆ. ಸರಾಸರಿ ಮಾಡಬೇಡಿ. ಈಗ ಕಲಿತಾಗಿದೆ ಎಂದರೆ ಕಲಿತಾಗಿದೆ.

ಅಂಕದ ಬಗ್ಗೆ ತಕರಾರು ಇದ್ದರೆ? ಪತ್ರಿಕೆ ಕೈಗೆ ಬಂದ ದಿನ ಮಾತು ಬೇಡ. ಮರುದಿನ, ಯಾವ ಭಾಗಕ್ಕೆ ಯಾಕೆ ಹೆಚ್ಚು ಅಂಕ ಬರಬೇಕಿತ್ತೆಂದು ಎರಡು ಮೂರು ವಾಕ್ಯದಲ್ಲಿ ಇಂಗ್ಲಿಷಿನಲ್ಲಿ ಬರೆದು ತರಲಿ. ನಾನು ಓದಿ ಉತ್ತರಿಸುತ್ತೇನೆ. ವರ್ಷದಲ್ಲಿ ಕೆಲವರಾದರೂ ಸರಿಯಾದ ಆಧಾರ ತಂದು ಅಂಕ ಪಡೆಯುತ್ತಾರೆ, ಅವರು ಅದಕ್ಕಾಗಿ ಬರೆದ ವಾಕ್ಯಗಳು ಪ್ರಬಂಧದ ವಾಕ್ಯಗಳಿಗಿಂತ ಬಲವಾಗಿರುತ್ತವೆ.

ಎಂಟನೆಯ ಹಂತ: ಪ್ರಾಮಾಣಿಕತೆ, ಅನುವಾದ, ಕೃತಕ ಬುದ್ಧಿಮತ್ತೆ

ಹಿಂದೆ ಇಲ್ಲಿ ‘ನಕಲು ಮಾಡಿದರೆ ಸೊನ್ನೆ’ ಎಂಬ ಒಂದು ಸಾಲು ಸಾಕಿತ್ತು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರಿಗೆ ಸಿಕ್ಕ ಮೇಲೆ ಆ ಸಾಲು ಸಾಲದು.

ಮೊದಲು ಹಳೆಯ ವಿಷಯ ಮುಗಿಸೋಣ. ಬೇರೆಯವರ ವಾಕ್ಯ ಬಳಸಿದರೆ ಉದ್ಧರಣ ಚಿಹ್ನೆ, ಬೇರೆಯವರ ವಿಚಾರ ಬಳಸಿದರೆ ಅವರ ಹೆಸರು. ಇಂಗ್ಲಿಷ್ ಸಾಹಿತ್ಯದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಉಲ್ಲೇಖ ಶೈಲಿ. ಅದರಲ್ಲಿ ವಾಕ್ಯದ ಕೊನೆಗೆ ಆವರಣದೊಳಗೆ ಲೇಖಕರ ಹೆಸರು, ಪುಟಸಂಖ್ಯೆ ಬರುತ್ತವೆ. ಪ್ರೌಢಶಾಲೆಗೆ ಅಷ್ಟು ಸಾಕು. ಯಾವ ಶೈಲಿಯಾದರೂ ಸರಿ, ಒಂದನ್ನೇ ಆರಿಸಿ, ಒಂದು ಇಡೀ ಅವಧಿ ಕೂತು ಅಭ್ಯಾಸ ಮಾಡಿಸಿ. ಉಲ್ಲೇಖಿಸುವುದನ್ನು ಕಲಿಸದೆ ಕೃತಿಚೌರ್ಯಕ್ಕೆ ಶಿಕ್ಷೆ ಕೊಡುವ ಹಕ್ಕು ನಮಗಿಲ್ಲ.

ಅನುವಾದದ ಸಾಧನಗಳ ಪ್ರಶ್ನೆ ಇಂಗ್ಲಿಷ್ ತರಗತಿಗೇ ವಿಶೇಷವಾದದ್ದು. ಪ್ಯಾರಾವನ್ನು ಮನೆಮಾತಿನಲ್ಲಿ ಬರೆದು, ಯಂತ್ರಕ್ಕೆ ಕೊಟ್ಟು, ಬಂದದ್ದನ್ನು ಇಳಿಸಿಕೊಂಡು ತರುವ ವಿದ್ಯಾರ್ಥಿ ತಾನು ಮೋಸ ಮಾಡುತ್ತಿದ್ದೇನೆ ಎಂದುಕೊಂಡಿರುವುದಿಲ್ಲ. ವಿಚಾರ ತನ್ನದೇ ತಾನೇ! ಹಾಗಾಗಿ ಗೆರೆ ಎಲ್ಲಿದೆ ಎಂದು ನಾವೇ ಹೇಳಬೇಕು. ನಾನು ಎಳೆಯುವ ಗೆರೆ ಹೀಗಿದೆ: ಪದದ ಅರ್ಥ ಹುಡುಕಬಹುದು, ನುಡಿಗಟ್ಟು ಹುಡುಕಬಹುದು, ಪೂರ್ಣ ವಾಕ್ಯವನ್ನು ಯಂತ್ರದಿಂದ ಮಾಡಿಸಿಕೊಳ್ಳಬಾರದು.

ಕೃತಕ ಬುದ್ಧಿಮತ್ತೆಗೆ ವರ್ಷಕ್ಕೆಲ್ಲ ಒಂದೇ ನಿಯಮ ನಿಲ್ಲುವುದಿಲ್ಲ. ಪ್ರತಿ ಕೆಲಸದ ತಲೆಯ ಮೇಲೆ ಒಂದು ಬಣ್ಣ ಬರೆಯಿರಿ. ಕೆಂಪು ಎಂದರೆ ಯಾವ ಸಾಧನವೂ ಇಲ್ಲ, ತರಗತಿಯಲ್ಲೇ ಕೈಬರಹ. ಹಳದಿ ಎಂದರೆ ಯೋಜನೆಗೆ ಅಥವಾ ಮುಗಿದ ಕರಡಿನ ಬಗ್ಗೆ ಪ್ರಶ್ನೆ ಕೇಳಲು ಬಳಸಬಹುದು, ವಾಕ್ಯಗಳು ನಿಮ್ಮವೇ ಆಗಿರಬೇಕು, ಏನು ಕೇಳಿದಿರೆಂದು ಕೊನೆಯಲ್ಲಿ ಎರಡು ಸಾಲು ಬರೆಯಬೇಕು. ಹಸಿರು ಎಂದರೆ ಸಾಧನವೇ ಪಾಠದ ಭಾಗ, ಉದಾಹರಣೆಗೆ ಯಂತ್ರ ಬರೆದ ಪ್ಯಾರಾದ ದೋಷಗಳನ್ನು ಪಟ್ಟಿ ಮಾಡುವುದು. ಬಣ್ಣ ಬರೆಯುವುದು ಮರೆತರೆ ಅದನ್ನು ಹಳದಿ ಎಂದು ತಿಳಿಯಬೇಕು ಎಂಬುದನ್ನೂ ಸೇರಿಸಿ.

ಯಂತ್ರದ ಬರಹವನ್ನು ಪತ್ತೆ ಮಾಡುವ ಸಾಫ್ಟ್‌ವೇರ್‌ಗಳ ಮೇಲೆ ನಿಯಮ ಕಟ್ಟಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಚಾಟ್‌ಜಿಪಿಟಿಯನ್ನು ತಯಾರಿಸಿದ ಓಪನ್‌ಎಐ ಸಂಸ್ಥೆ ತನ್ನದೇ ಪತ್ತೆ ಸಾಧನವನ್ನು ನಿಖರತೆ ಕಡಿಮೆಯೆಂಬ ಕಾರಣಕ್ಕೆ 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಸಾಮರ್ಥ್ಯ ಪರೀಕ್ಷೆಗಾಗಿ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಕೊಟ್ಟು ನೋಡಿದರು. ಮನುಷ್ಯರೇ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಸಾಧನಗಳು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದವು. ಕಾರಣ, ಸೀಮಿತ ಪದಗಳಲ್ಲಿ ಸರಳ ವಾಕ್ಯ ಬರೆಯುವುದು ಆ ಸಾಧನಗಳ ಕಣ್ಣಿಗೆ ಯಂತ್ರದ ಲಕ್ಷಣವಾಗಿ ಕಾಣುತ್ತದೆ. ನಮ್ಮ ತರಗತಿಗಳಲ್ಲಿ ಎರಡನೆಯ ಭಾಷೆಯಾಗಿ ಇಂಗ್ಲಿಷ್ ಕಲಿಯುವ ಮಕ್ಕಳು ಬರೆಯುವುದು ಹಾಗೆಯೇ. ಕಷ್ಟಪಟ್ಟು ತಾನೇ ಬರೆದ ಮಗುವನ್ನು ಕಳ್ಳನೆಂದು ಕರೆದರೆ ಅವನು ಮತ್ತೆ ಬರೆಯುತ್ತಾನೆಯೇ?

ಅನುಮಾನ ಬಂದಾಗ ಏನು ಮಾಡುತ್ತೀರಿ ಎಂಬುದನ್ನು ಕ್ರಮವಾಗಿ ಬರೆದಿಡಿ. ಮೊದಲು ಯೋಜನೆ ಮತ್ತು ಕರಡನ್ನು ತರಿಸಿಕೊಳ್ಳುತ್ತೇನೆ. ಬಳಿಕ ಯಾರೂ ಇಲ್ಲದಾಗ ಮಾತನಾಡಿಸುತ್ತೇನೆ: ಈ ವಿಚಾರ ಹೇಗೆ ಹೊಳೆಯಿತು, ಈ ಪದವನ್ನು ಯಾಕೆ ಆರಿಸಿದೆ? ಸಂದೇಹ ಉಳಿದರೆ ಅದೇ ವಿಷಯದ ಮೇಲೆ ಒಂದು ಪ್ಯಾರಾ ನನ್ನ ಮುಂದೆ ಬರೆಯಬೇಕು. ಮೊದಲ ಸಲ ತಪ್ಪು ಒಪ್ಪಿಕೊಂಡರೆ ಕೆಂಪು ನಿಯಮದಡಿ ಪೂರ್ತಿಯಾಗಿ ಮರುಬರಹ, ಮನೆಗೆ ತಿಳಿಸುವುದಿಲ್ಲ. ಎರಡನೆಯ ಸಲ ಪೋಷಕರಿಗೂ ಶಾಲೆಗೂ ತಿಳಿಸಲಾಗುತ್ತದೆ. ಕರಡುಗಳಿಗೆ ಅಂಕ ಇಟ್ಟ ತರಗತಿಯಲ್ಲಿ ಈ ಕ್ರಮವನ್ನು ಬಳಸುವ ಪ್ರಸಂಗ ಬಹಳ ಕಡಿಮೆ ಬರುತ್ತದೆ.

ಒಂಬತ್ತನೆಯ ಹಂತ: ಉಳಿದವು

ಮೊಬೈಲ್: ಚೀಲದೊಳಗೆ, ಸದ್ದಿಲ್ಲದೆ. ನಿಘಂಟು ನೋಡಲು ಬೇಕಾದರೆ ಶಿಕ್ಷಕರು ಹೇಳಿದಾಗ ಮಾತ್ರ ಹೊರಗೆ. ಶಾಲೆಯಲ್ಲಿ ಮೊಬೈಲ್ ನಿಷೇಧವಿದ್ದರೆ ಮೇಜಿನ ಮೇಲೆ ನಾಲ್ಕು ಮುದ್ರಿತ ನಿಘಂಟುಗಳಿರಲಿ.

ಗೈರುಹಾಜರಿ: ‘ನಿನ್ನೆ ಏನಾದರೂ ಮುಖ್ಯವಾದದ್ದು ಆಯಿತೇ’ ಎಂದು ಮಕ್ಕಳು ಕೇಳುತ್ತಾರೆ. ಗೋಡೆಯ ಬಳಿ ಒಂದು ಫೈಲ್ ಇಟ್ಟು ಪ್ರತಿ ದಿನದ ಕೆಲಸ, ಹಂಚಿದ ಹಾಳೆ ಅದರಲ್ಲಿ ಹಾಕಿ. ಬಂದ ದಿನ ಮೊದಲು ಫೈಲ್ ನೋಡುವುದು, ಬಳಿಕ ಶಿಕ್ಷಕರನ್ನು ಕೇಳುವುದು. ತಪ್ಪಿಹೋದ ದಿನಗಳಷ್ಟೇ ಹೆಚ್ಚುವರಿ ದಿನಗಳು ಸಿಗುತ್ತವೆ.

ಗುಂಪು ಕೆಲಸ: ಅಂಕ ಗುಂಪಿಗಲ್ಲ, ಪ್ರತಿಯೊಬ್ಬರ ಪಾಲಿಗೆ. ಯಾರು ಯಾವ ಭಾಗ ಮಾಡುತ್ತಾರೆಂದು ಶುರುವಿನಲ್ಲೇ ಬರೆದುಕೊಡಲಿ.

ಸಂಪರ್ಕ: ಪೋಷಕರು ನಿಮ್ಮನ್ನು ಹೇಗೆ, ಯಾವ ಹೊತ್ತಿಗೆ ಸಂಪರ್ಕಿಸಬಹುದು, ಎಷ್ಟು ದಿನದಲ್ಲಿ ಉತ್ತರ ಬರುತ್ತದೆ ಎಂಬುದು ಇರಲಿ. ರಾತ್ರಿ ಬಂದ ಸಂದೇಶಗಳಿಗೆ ಬೆಳಿಗ್ಗೆ ಉತ್ತರಿಸುತ್ತೀರೆಂದು ಬರೆಯಲು ಹಿಂಜರಿಯಬೇಡಿ.

ಹತ್ತನೆಯ ಹಂತ: ಒಂದು ಹಾಳೆಗೆ ಇಳಿಸಿ, ಮನೆಯ ಭಾಷೆಯಲ್ಲೂ ಕೊಡಿ

ಇಷ್ಟನ್ನೂ ಬರೆದ ಮೇಲೆ ನಿಮ್ಮ ಕೈಯಲ್ಲಿ ಆರೇಳು ಪುಟ ಇರುತ್ತದೆ. ಅದು ನಿಮಗಾಗಿ. ಮಕ್ಕಳಿಗೆ ಕೊಡುವುದು ಒಂದು ಹಾಳೆಯ ಎರಡು ಬದಿ. ‘ವಿದ್ಯಾರ್ಥಿಗಳು ಪಾಲಿಸತಕ್ಕದ್ದು’ ಎಂಬ ಕಚೇರಿಯ ಧಾಟಿ ಬಿಟ್ಟು ‘ನೀವು’, ‘ನಾನು’ ಎಂದು ಬರೆಯಿರಿ. ಒಂದು ಬದಿಯಲ್ಲಿ ‘ನೀವು ಮಾಡಬೇಕಾದದ್ದು’, ಇನ್ನೊಂದು ಬದಿಯಲ್ಲಿ ‘ನಾನು ಮಾಡುವುದು’. ಎರಡನೆಯ ಬದಿ ಖಾಲಿ ಖಾಲಿಯಾಗಿ ಕಂಡರೆ ಮತ್ತೆ ಐದನೆಯ ಹಂತಕ್ಕೆ ಹೋಗಿ.

ಇಂಗ್ಲಿಷ್ ತರಗತಿಯ ಪತ್ರ ಇಂಗ್ಲಿಷಿನಲ್ಲೇ ಇರಬೇಕೆಂದು ನಾವು ಯೋಚಿಸದೆ ಒಪ್ಪಿಕೊಳ್ಳುತ್ತೇವೆ. ಅದನ್ನು ಓದಲಾಗದ ಪೋಷಕರು ಅರ್ಥವಾಗದೆಯೇ ಸಹಿ ಹಾಕುತ್ತಾರೆ. ಮನೆಯಲ್ಲಿ ಆಡುವ ಭಾಷೆಯಲ್ಲೂ ಒಂದು ಪ್ರತಿ ಕೊಡಿ. ಓದಲು ಬಾರದ ಮನೆಗಳಿಗೆ ಮಕ್ಕಳೇ ಓದಿ ಹೇಳಲಿ, ಅದನ್ನೇ ಮೊದಲ ಗೃಹಪಾಠ ಮಾಡಿ: ‘ಇದನ್ನು ಮನೆಯವರಿಗೆ ವಿವರಿಸಿ, ಅವರು ಕೇಳಿದ ಒಂದು ಪ್ರಶ್ನೆಯನ್ನು ಬರೆದು ತನ್ನಿ.’

ಹನ್ನೊಂದನೆಯ ಹಂತ: ಮೊದಲ ವಾರ ಮತ್ತು ಆರನೆಯ ವಾರ

ಮೊದಲ ದಿನವೇ ಪತ್ರವನ್ನು ಓದಿ ಹೇಳಬೇಡಿ. ಅಂದು ಪ್ರತಿ ವಿಷಯದ ಶಿಕ್ಷಕರೂ ನಿಯಮ ಓದಿರುತ್ತಾರೆ, ಮಕ್ಕಳ ಕಿವಿ ತುಂಬಿರುತ್ತದೆ. ಮೊದಲ ದಿನ ಒಂದು ಚಿಕ್ಕ ಕಥೆ ಓದಿ, ಅದರ ಬಗ್ಗೆ ಎರಡು ಸಾಲು ಬರೆಸಿ. ಎರಡನೆಯ ದಿನ ಪತ್ರ ಹಂಚಿ, ಅದನ್ನೇ ಓದಿನ ಪಾಠವನ್ನಾಗಿ ಮಾಡಿ. ನಾಲ್ವರ ಗುಂಪುಗಳಿಗೆ ಒಂದೊಂದು ಸಂದರ್ಭ ಕೊಡಿ: ‘ಭಾನುವಾರ ರಾತ್ರಿ ನಿಮ್ಮ ಕರಡು ಕಳೆದುಹೋಯಿತು. ಸೋಮವಾರ ಗಡುವು. ಏನು ಮಾಡುತ್ತೀರಿ?’ ಉತ್ತರವನ್ನು ಪತ್ರದಲ್ಲಿ ಹುಡುಕಿ, ಯಾವ ಸಾಲಿನಲ್ಲಿದೆಯೆಂದು ತೋರಿಸಬೇಕು. ಎರಡು ಗುಂಪುಗಳು ಒಂದೇ ಸಾಲನ್ನು ಎರಡು ರೀತಿ ಅರ್ಥಮಾಡಿಕೊಂಡರೆ ತಪ್ಪು ನಿಮ್ಮ ವಾಕ್ಯದ್ದು. ಅಲ್ಲೇ, ಅವರ ಎದುರೇ, ತಿದ್ದಿ ಬರೆಯಿರಿ. ಬರೆದದ್ದನ್ನು ತಿದ್ದುವುದು ಹೇಗೆಂದು ಆ ವರ್ಷ ಅವರು ನೋಡುವ ಮೊದಲ ಉದಾಹರಣೆ ಅದು.

ಆರನೆಯ ವಾರ ಪತ್ರವನ್ನು ಮತ್ತೆ ಹೊರತೆಗೆಯಿರಿ. ಹೆಸರು ಬರೆಯದ ಚೀಟಿಯಲ್ಲಿ ಮಕ್ಕಳು ಎರಡು ಪ್ರಶ್ನೆಗೆ ಉತ್ತರಿಸಲಿ: ಯಾವ ನಿಯಮ ನಿಮಗೆ ನೆರವಾಯಿತು? ಯಾವ ನಿಯಮಕ್ಕೆ ಹೆದರಿ ಏನನ್ನಾದರೂ ಬರೆಯದೆ, ಹೇಳದೆ ಉಳಿದಿರಿ? ಎರಡನೆಯ ಪ್ರಶ್ನೆಗೆ ಬಂದ ಉತ್ತರಗಳನ್ನು ಒಂದೆಡೆ ಸೇರಿಸಿ, ಮೂವರಿಗಿಂತ ಹೆಚ್ಚು ಜನ ಹೆಸರಿಸಿದ ನಿಯಮವನ್ನು ತರಗತಿಯ ಜೊತೆ ಕೂತು ಹೊಸದಾಗಿ ಬರೆಯಿರಿ. ಹೊಸ ಪ್ರತಿಯ ಕೆಳಗೆ ದಿನಾಂಕ ಹಾಕಿ ಮನೆಗೆ ಕಳುಹಿಸಿ, ಹಳೆಯ ಪ್ರತಿಯನ್ನು ನಿಮ್ಮ ಫೈಲಿನಲ್ಲಿ ಇಟ್ಟುಕೊಳ್ಳಿ. ಮುಂದಿನ ವರ್ಷದ ಪಟ್ಟಿಯನ್ನು ಅಲ್ಲಿಂದಲೇ ಶುರು ಮಾಡಬಹುದು.